ಕಡಲಾಮೆಗೆ ಸಿಹಿನೀರು

ಗುಳುಂ.

ಹಿತ್ತಲ ಬಾವಿಗೆ ಕೊಡ ಇಳಿಬಿಟ್ಟಾಗ, ಅದು ನೀರು ಮುಟ್ಟುವ ಮೊದಲೇ ಆ ಸದ್ದು ಕೇಳುತ್ತಿತ್ತು. ಕಲ್ಲಿನ ಸಂದಿಯಲ್ಲಿ ಬಿಸಿಲು ಕಾಯಿಸುತ್ತ ಕೂತ ಆಮೆ ಗಾಬರಿಬಿದ್ದು ನೀರಿಗೆ ಜಾರುವ ಸದ್ದು. ಅದನ್ನು ನಾನು ಕಣ್ಣಾರೆ ಕಂಡದ್ದು ಕಡಿಮೆ, ಕಿವಿಗೇ ಅದರ ಗುರುತು ಹೆಚ್ಚು. ನಮ್ಮೂರು ಇರಕಲ್ಲಗಡದಲ್ಲಿ ಅಜ್ಜ ಆ ಮೆಟ್ಟಿಲುಬಾವಿ ತೋಡಿಸಿದಾಗ ಹಳ್ಳದಿಂದ ಒಂದು ಆಮೆಮರಿ ತಂದು, ಅರಿಷಿಣ ಕುಂಕುಮ ಹಚ್ಚಿ ನೀರಿಗೆ ಬಿಟ್ಟಿದ್ದನಂತೆ. ನಮ್ಮ ಕಡೆ ಬಾವಿ ತೋಡಿದವರು ಹಾಗೆ ಮಾಡುತ್ತಿದ್ದರು. ಆಮೆ ಹುಳಹುಪ್ಪಟೆ ತಿಂದು ನೀರನ್ನು ಚೊಕ್ಕ ಇಡುತ್ತದೆ, ಆಮೆ ಇರುವತನಕ ಬಾವಿ ಬತ್ತುವುದಿಲ್ಲ ಎಂಬ ನಂಬಿಕೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್ ‘ಮೈ ಪೆಟ್’ ಅಂತ ಕಾಂಪೊಸಿಷನ್ ಬರೆಸಿದಾಗ ನಾನು ಈ ಆಮೆಯನ್ನೇ ಬರೆದೆ. ‘ಬಟ್ ಚೈಲ್ಡ್, ಡಸ್ ಇಟ್ ನೋ ಯೂ?’ ಅಂತ ಅವರು ಕೇಳಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ನನ್ನ ತಮ್ಮನಿಗಂತೂ ಅದು ಮನೆಯ ಹಿರಿಯರಲ್ಲೊಂದು. ಬಾವಿಯ ಹೂಳು ತೆಗೆಸಿದ ವರ್ಷ ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತಿಂಗಳಾನುಗಟ್ಟಲೆ ಅವನು ಮೆಟ್ಟಿಲ ಮೇಲೆ ನಿಂತು ಇಣುಕುತ್ತಿದ್ದ. ಮತ್ತೊಂದು ತರೋಣವೆಂದರೆ, ಕಾಡಿನ ಪ್ರಾಣಿ ಹಿಡಿಯುವುದು ಅಪರಾಧ ಅಂತ ನಾನೇ ಹೇಳಿ ನಿಲ್ಲಿಸಿದ್ದೆ. ‘ನೀ ಸೈನ್ಸ್ ಟೀಚರ್ ಆಗಿದ್ದ ನನ್ನ ಕರ್ಮ’ ಅಂತ ಗೊಣಗಿದ್ದ.

ಊರಲ್ಲೇ ತಮ್ಮ ಬೀಜಗೊಬ್ಬರದ ಅಂಗಡಿ ಇಟ್ಟಿದ್ದ. ನಾನು ಗಂಗಾವತಿಯ ಹೈಸ್ಕೂಲಿನಲ್ಲಿ ಬಯಾಲಜಿ ಕಲಿಸುತ್ತಿದ್ದೆ, ಮದುವೆಯ ಮಾತು ಬಂದಾಗಲೆಲ್ಲ ಏನೋ ಒಂದು ಅಡ್ಡ ಬಂದು ಹಾಗೇ ಉಳಿದೆ. ಅವನ ಹೆಂಡತಿ ತೀರಿಕೊಂಡಾಗ ಮಗಳು ಇನ್ನೂ ಸಾಲಿಗೆ ಹೋಗುವ ವಯಸ್ಸಿನವಳಲ್ಲ. ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನು ಊರಿಗೆ ಬರುವುದು, ಸೋಮವಾರ ಬೆಳಗಿನ ಬಸ್ಸಿಗೆ ಅವಳು ಅಳುತ್ತ ನನ್ನನ್ನು ಕಳಿಸುವುದು. ಹೀಗೆ ನನ್ನ ಸೋದರಸೊಸೆ ಅಪ್ಪ, ಅತ್ತೆ ಇಬ್ಬರ ನಡುವೆ ಬೆಳೆದಳು. ಅವಳು ದೊಡ್ಡವಳಾಗಿ, ಧಾರವಾಡದಲ್ಲಿ ಓದಿ, ಆಮೇಲೆ ಕಾರವಾರಕ್ಕೆ ಹೋಗಿ ಕಡಲ ಜೀವಶಾಸ್ತ್ರ ಕಲಿತಳು. ನಮ್ಮ ಹಳ್ಳದ ನೀರೆಲ್ಲ ತುಂಗಭದ್ರೆಗೆ ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ. ‘ನೀ ಒಬ್ಬಾಕಿ ಅಷ್ಟ ಉಲ್ಟಾ ಹರಿದಿ ನೋಡು’ ಅಂತ ಅವಳಪ್ಪ ಹೆಮ್ಮೆಯಿಂದಲೇ ಛೇಡಿಸುತ್ತಿದ್ದ. ನಾನು ರಿಟೈರ್ ಆಗಿ ಊರಿಗೆ ಬಂದು ನೆಲೆಸುವ ಹೊತ್ತಿಗೆ ಅವಳು ಅಂಕೋಲೆಯ ಆಚೆ, ಒಂದು ಮೀನುಗಾರರ ಹಳ್ಳಿಯ ದಂಡೆಯಲ್ಲಿ ಕಡಲಾಮೆಗಳ ಗೂಡು ಕಾಯುವ ಕೆಲಸದ ಉಸ್ತುವಾರಿಯಾಗಿದ್ದಳು.

ಮೂರು ವರ್ಷದ ಹಿಂದೆ, ಶಿವರಾತ್ರಿಯ ಸುಮಾರಿಗೆ, ತಮ್ಮನೂ ನಾನೂ ಅವಳನ್ನು ನೋಡಲು ಹೋದೆವು. ಕೊಪ್ಪಳದಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದು ಕಡಲು. ಕಡಕ್ ರೊಟ್ಟಿ ಒಂದು ದೊಡ್ಡ ಡಬ್ಬಿ ತುಂಬ, ಜೊತೆಗೆ ಚಟ್ನಿಪುಡಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಮೀನಿನ ಊರಲ್ಲಿ ನಮ್ಮ ಗತಿ ಏನು ಎಂಬ ಚಿಂತೆ ಅವನಿಗೆ.

ಕಡಲನ್ನು ಮೊದಲ ಸಲ ಕಂಡಾಗ ಅವನು ನೇರ ನೀರಿಗೆ ನಡೆದ. ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಗುಳಿದ.

‘ಇಷ್ಟೂ ಸವಳ ಏನು?’

‘ಇಷ್ಟೂ ಸವಳ ಅಪ್ಪಾ’ ಅಂತ ಮಗಳು ನಕ್ಕಳು.

ಅವನ ಮುಖ ಸಪ್ಪಗಾಯಿತು. ನಮ್ಮ ಸೀಮೆಯವರಿಗೆ ಸವಳು ಅಂದರೆ ಬೈಗುಳ ಇದ್ದ ಹಾಗೆ. ಸವಳು ನೀರಿಗೆ ಬೇಳೆ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ. ಗಂಗಾವತಿ ಕಡೆ ಕಾಲುವೆ ನೀರು ನಿಂತು ನಿಂತು ಗದ್ದೆಗಳು ಬೆಳ್ಳಗೆ ಉಪ್ಪು ಕಾರಿದ್ದನ್ನು ನಾನೇ ನೋಡಿದ್ದೇನೆ. ಹೊಲದಲ್ಲಿ ತಮ್ಮ ಕೊರೆಸಿದ ಬೋರಿಗೂ ಸವಳೇ ಬಂದಿತ್ತು. ನಮ್ಮ ಹಿತ್ತಲ ಬಾವಿಯೊಂದೇ ಸಿಹಿ. ಬೇಳೆಗೆ ಇಡಲು ಓಣಿಯ ಹೆಂಗಸರು ಅಲ್ಲಿಂದಲೇ ಒಂದೊಂದು ಕೊಡ ಒಯ್ಯುತ್ತಿದ್ದರು.

ಅಲ್ಲಿದ್ದಾಗ ಒಂದು ದಿನ, ಬೆಳಕು ಹರಿಯುವಾಗ, ತಾಯಿ ಆಮೆಯೊಂದು ಮೊಟ್ಟೆಯಿಟ್ಟು ತಿರುಗಿ ಕಡಲಿಗೆ ಹೋಗುವುದನ್ನು ಕಂಡೆವು. ಹಿಂಗಾಲಿನಿಂದ ಮರಳು ಎಳೆದು ಗುಂಡಿ ಮುಚ್ಚಿ, ಮೈಭಾರದಿಂದ ತಟ್ಟಿ, ಉಸ್ಸೆಂದು ಉಸಿರುಬಿಡುತ್ತ ಅದು ಹೊರಟಿತು. ಕಣ್ಣಿಂದ ಗೋಂದಿನಂಥ ನೀರು ಇಳಿದು ಮರಳು ಅಂಟಿಕೊಂಡಿತ್ತು. ತಮ್ಮ ಅದನ್ನೇ ನೋಡುತ್ತಿದ್ದ.

‘ಅಳಾಕತ್ತೈತಿ ಪಾಪ. ಮತ್ತ ಯಾವಾಗ ಬರ್ತೈತಿ, ಮಕ್ಕಳ ನೋಡಾಕ?’

‘ಬರೂದಿಲ್ಲಪ್ಪಾ. ಇಟ್ಟು ಹೋತಂದ್ರ ಮುಗೀತು. ಮರಳಿನ ಶಾಖಕ್ಕ ಮರಿ ಆಗ್ತಾವು. ಮರಳು ಭಾಳ ಕಾದ್ರ ಎಲ್ಲಾ ಹೆಣ್ಣ ಆಗ್ತಾವು, ತಂಪಿದ್ರ ಗಂಡು.’

‘ತಾಯಿ ಮುಖಾನ ನೋಡೂದಿಲ್ಲೇನು ಅವು?’

‘ಇಲ್ಲ.’

ಮಗಳು ಇದನ್ನು ಪಾಠ ಹೇಳಿದ ಹಾಗೆ ಹೇಳಿದಳು. ಅವನು ಅದನ್ನು ಹೇಗೆ ಕೇಳಿಸಿಕೊಂಡ ಎಂಬುದು ಆಗ ನಮಗಿಬ್ಬರಿಗೂ ಹೊಳೆಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಒಂದು ಗೂಡು ಒಡೆಯಿತು. ನಾಯಿ ನರಿ ಬರದಂತೆ ಬಲೆ ಬಿಗಿದ ಬೇಲಿಯೊಳಗೆ ಮರಳು ಕುಸಿದು, ಒಂದರ ಮೇಲೊಂದು ಕಪ್ಪು ಮರಿಗಳು ಮೇಲಕ್ಕೆ ಬಂದವು. ಅಂಗೈಯಷ್ಟೂ ಇಲ್ಲ. ಮಗಳು ಮತ್ತು ಹಳ್ಳಿಯ ನಾಲ್ಕು ಜನ ಅವನ್ನು ಬುಟ್ಟಿಯಲ್ಲಿ ತಂದು ನೀರಿನಿಂದ ತುಸು ದೂರ, ಒದ್ದೆ ಮರಳಿನ ಮೇಲೆ ಬಿಟ್ಟರು.

‘ನೀರಾಗ ಬಿಡಬಾರದೇನು? ಇಷ್ಟು ದೂರ ನಡಸೂದ್ಯಾಕ?’ ಅಂದ ತಮ್ಮ.

‘ತಾವ ನಡೀಬೇಕಪ್ಪಾ. ಈ ನಡಿಗಿಯೊಳಗ ದಂಡಿ ಗುರುತು ಹಿಡೀತಾವ ಅಂತಾರ. ಮುಂದ ದೊಡ್ಡೂವಾಗಿ ಹೆಣ್ಣಾಮಿ ಇತ್ಲಾಕಡೀನ ಬರ್ತಾವು ಮೊಟ್ಟಿ ಇಡಾಕ. ಬೆಳಕಿದ್ದ ಕಡೆ ಹೋಗೂದು ಇವಕ್ಕ ಹುಟ್ಟಾ ಬಂದಿರ್ತೈತಿ. ಅದಕ್ಕ ರಸ್ತೇದ ಲೈಟು ಆರಸ್ರಿ ಅಂತ ರೆಸಾರ್ಟಿನವರ ಕಾಲ ಹಿಡೀತೀವಿ.’

‘ಹೋದೂವೊಳಗ ಎಷ್ಟು ಉಳೀತಾವು?’

‘ಭಾಳ ಕಮ್ಮಿ. ಏಡಿ, ಕಾಗಿ, ಒಳಗ ಹೋದ್ರ ಮೀನು.’

‘ಹಂಗಾರ ನೀ ಏನ ಮಾಡಿದಂಗಾತು? ನಾಯಿ ಬಾಯಿಂದ ಬಿಡಿಸಿ ಮೀನಿನ ಬಾಯಿಗೆ ಕೊಟ್ಟಂಗಾತಲ್ಲ!’

‘ಮೀನಿಗೂ ಊಟ ಬೇಕಲ್ಲಪ್ಪಾ’ ಎಂದು ನಗುತ್ತ ಅವಳು ಇನ್ನೊಂದು ಗೂಡಿನತ್ತ ಹೋದಳು.

ಮರಿಗಳೆಲ್ಲ ನೀರು ಸೇರಿದವು, ಒಂದನ್ನು ಮಾತ್ರ ಅಲೆ ಮತ್ತೆ ಮತ್ತೆ ಹಿಂದಕ್ಕೆ ತಂದು ಹಾಕುತ್ತಿತ್ತು. ತಮ್ಮ ಅದರ ಹತ್ತಿರವೇ ನಿಂತಿದ್ದ. ನನ್ನ ಮೊಣಕಾಲು ಸೋತು ನಾನು ದೋಣಿಯ ನೆರಳಿಗೆ ಹೋಗಿ ಕೂತೆ.

ಅವತ್ತು ಬಸ್ಸಿನಲ್ಲಿ ಅವನು ಏನೂ ತಿನ್ನಲಿಲ್ಲ. ರೊಟ್ಟಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ಸ್ವಲ್ಪ ಓರೆ ಮಾಡಿ, ಘಟ್ಟದುದ್ದಕ್ಕೂ ಎರಡೂ ಕೈಯಿಂದ ಹಿಡಿದಿದ್ದ. ಮಗಳನ್ನು ಬಿಟ್ಟು ಬಂದ ಸಂಕಟ ಅಂದುಕೊಂಡೆ. ಊರು ಮುಟ್ಟಿದ್ದು ಸಂಜೆ. ನಾನು ಕೈಕಾಲು ತೊಳೆದು ಬರುವುದರೊಳಗೆ ಅವನು ಹಿತ್ತಲಿಂದ ಕೂಗಿದ, ‘ಅಕ್ಕಾ, ಅರಿಷಿಣ ಕುಂಕುಮ ತಗೊಂಬಾ.’

ಡಬ್ಬಿಯೊಳಗೆ ಒದ್ದೆ ಟವೆಲ್ಲಿನ ಮೇಲೆ ಆ ಮರಿ ಇತ್ತು.

‘ಇದನ್ಯಾಕ ತಂದ್ಯೋ!’

‘ತಾಯಿಲ್ಲದ್ದು ಅಕ್ಕಾ. ಅಲ್ಲಿ ಬಿಟ್ರ ಸಾಯ್ತೈತಿ ಅಂತ ನಿನ್ನ ಸೊಸಿನ ಅಂದ್ಲು. ಇಲ್ಲಿ ಕಾಗಿಲ್ಲ, ಏಡಿಲ್ಲ. ಸವಳ ನೀರಾಗಿಂದ ಸಿಹಿನೀರಿಗೆ ತಂದೀನಿ, ಸುಖದಾಗಿರ್ಲಿ ಬಿಡು.’

ನಾನು ಕೈ ಹಿಡಿಯುವ ಮೊದಲೇ ಅವನು ಕೊನೆಯ ಮೆಟ್ಟಿಲಿಗೆ ಇಳಿದು ಅದನ್ನು ನೀರಿಗೆ ಬಿಟ್ಟಾಗಿತ್ತು. ಮರಿ ಈಜತೊಡಗಿತು. ನೇರ ಹೋಗಿ ಗೋಡೆಗೆ ಮೂತಿ ತಾಗಿಸಿತು. ಹೊರಳಿ ಮತ್ತೆ ನೇರ ಹೋಗಿ ಎದುರು ಗೋಡೆಗೆ.

‘ಆಡಾಕತ್ತೈತಿ ನೋಡಕ್ಕಾ!’ ಅಂತ ಅವನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

ಅದು ಆಟವಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಕಡಲಾಮೆಯ ಮರಿ ತಿನ್ನದೆ ನಿಲ್ಲದೆ ಈಜುತ್ತದೆ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಅದಕ್ಕೆ ಬುತ್ತಿ. ಅಷ್ಟರೊಳಗೆ ದಂಡೆಯ ಅಪಾಯ ದಾಟಿ ಆಳದ ಪ್ರವಾಹ ಸೇರಬೇಕು. ನಮ್ಮ ಬಾವಿಯಲ್ಲಿ ಅದು ಇಡೀ ಅರಬ್ಬೀ ಸಮುದ್ರವನ್ನು ಹುಡುಕುತ್ತಿತ್ತು. ಪುವರ್ ಥಿಂಗ್. ಎದುರಿಗೆ ಸಿಗುತ್ತಿದ್ದದ್ದು ಅಜ್ಜ ಕಟ್ಟಿಸಿದ ಕಲ್ಲು.

ಸೊಸೆಗೆ ಫೋನ್ ಮಾಡಿದೆ. ಕಡಲ ಗಾಳಿಯ ನಡುವೆ ಅವಳ ದನಿ ಕೇಳಿಸಿತು.

‘ತೇಲ್ತೈತೋ, ಮುಳುಗ್ತೈತೋ ಅತ್ತಿ?’

‘ಈಜ್ತೈತಿ. ಗ್ವಾಡಿಗೆ ಹಾಯ್ತೈತಿ.’

‘ಹೊರಗ ತಗೀರಿ. ಒದ್ದಿ ಅರಿವಿ ಹಾಸಿ ನೆಳ್ಳಾಗ ಇಡ್ರಿ. ತಿನ್ನಾಕ ಏನೂ ಹಾಕಬ್ಯಾಡ್ರಿ. ನಾ ಬರ್ತೀನಿ.’

ತಮ್ಮನಿಗೆ ಹೇಳಿದಾಗ ಮೊದಲು ನಂಬಲಿಲ್ಲ. ಸಿಹಿನೀರು ಯಾವ ಜೀವಕ್ಕಾದರೂ ಕೆಡುಕು ಮಾಡೀತೇ? ನನ್ನ ಮುಖ ನೋಡಿ ನಂಬಿದ. ತಾನೇ ಅಂಗಿ ಕಳಚಿ, ಜ್ವಾರಿ ಹಸನು ಮಾಡುವ ಜರಡಿ ಹಿಡಿದು, ಎದೆಮಟ್ಟ ನೀರಿನಲ್ಲಿ ನಿಂತ. ಕತ್ತಲಾಯಿತು, ಸಿಗಲಿಲ್ಲ. ಬೆಳಗಾದ ಮೇಲೆ ಮತ್ತೆ ಇಳಿದ. ಅಷ್ಟು ಹೊತ್ತಿಗೆ ಅದು ಈಜು ಬಿಟ್ಟು ಗೋಡೆಯ ಪಕ್ಕ ಒಂದು ಮಗ್ಗುಲಾಗಿ ತೇಲುತ್ತಿತ್ತು. ಜರಡಿಯಲ್ಲಿ ಸುಲಭವಾಗಿ ಬಂತು.

ಮಧ್ಯಾಹ್ನ ಸೊಸೆ ಬಾಡಿಗೆ ಕಾರಿನಲ್ಲಿ ಬಂದಳು. ಅಪ್ಪನನ್ನು ಮಾತಾಡಿಸದೆ ನೇರ ಮರಿಯ ಹತ್ತಿರ ಕೂತು, ಬೆರಳ ತುದಿಯಿಂದ ಅದರ ಕಾಲು ಮುಟ್ಟಿದಳು. ಕಾಲು ತುಸು ಅಲುಗಿತು. ತಂದಿದ್ದ ಪೆಟ್ಟಿಗೆಯಲ್ಲಿ ಅದನ್ನಿಟ್ಟಳು.

‘ಯಾರಿಗೂ ಗೊತ್ತಾಗಿಲ್ಲಲ್ಲ?’ ನಾನು ಕೇಳಿದೆ.

‘ನಾನ ಹೇಳೇನಿ. ಹೊರಡೂ ಮೊದ್ಲ ಮ್ಯಾಲಿನವರಿಗೆ ಫೋನ್ ಮಾಡಿ ಹೇಳೇನಿ.’

‘ನಿಂದೇನು ಹುಚ್ಚು? ಅಲೆಯೊಳಗ ಹೋದದ್ದು ಹೋತು ಅಂದ್ರ ಯಾರು ಕೇಳ್ತಿದ್ರು? ಸೈಲೆಂಟಾಗಿ ಒಯ್ದು ಬಿಟ್ಟಿದ್ರ ಆಗ್ತಿತ್ತು. ನಿನ್ನ ಕೆಲಸದ ಗತಿ?’

‘ಅತ್ತಿ, ಹೋದ ವರ್ಷ ಒಬ್ಬಾಂವ ಮೊಟ್ಟಿ ತಗದಿದ್ದಕ್ಕ ಊರ ಮುಂದ ತಪ್ಪು ಒಪ್ಪಿಸೇನಿ. ಅಂವ ನಮ್ಮಪ್ಪನ ವಯಸ್ಸಿನಾಂವ. ಈಗ ನಮ್ಮಪ್ಪಂತ ಸುಮ್ನ ಕುಂತ್ರ ನಾಳೆ ಅವನ ಮುಖ ಹೆಂಗ ನೋಡ್ಲಿ?’

ಬಾಗಿಲಲ್ಲಿ ನಿಂತು ತಮ್ಮ ಇದನ್ನೆಲ್ಲ ಕೇಳಿದ. ಅವಳು ಕಾರು ಹತ್ತುವಾಗ ಚಪ್ಪಲಿ ಮೆಟ್ಟಿಕೊಂಡು ಬಂದ.

‘ನಾನೂ ಬರ್ತೀನವ್ವಾ. ನಾನ ತಂದೀನಿ, ನಾನ ಬಿಟ್ಟು ಬರ್ತೀನಿ.’

‘ಬ್ಯಾಡಪ್ಪಾ.’

ಅಷ್ಟೇ ಅಂದಳು. ಸಿಟ್ಟಿನ ದನಿಯಲ್ಲ. ಆದರೆ ಹುಟ್ಟಿದಾಗಿನಿಂದ ಅವಳು ಅಪ್ಪನಿಗೆ ಬೇಡ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಂಜೆಗೆ ಫೋನ್ ಬಂತು. ತಮ್ಮ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

‘ಯಲ್ಲಾಪುರ ದಾಟೂದ್ರಾಗ ಹೋತಪ್ಪಾ.’

‘ನೀರು ಕುಡಿಸಿದ್ಯೇನು?’

‘ಅದಕ್ಕ ನೀರು ಕುಡಸೂದಲ್ಲಪ್ಪಾ.’

ಆಮೇಲಿನದೆಲ್ಲ ಕಾಗದಪತ್ರದ ಕೆಲಸ. ಅರಣ್ಯ ಇಲಾಖೆಯವರು ಬಂದು ಹೇಳಿಕೆ ಬರೆಸಿಕೊಂಡರು. ವಯಸ್ಸು ನೋಡಿ ಮೆತ್ತಗೇ ಮಾತಾಡಿದರು, ಚಹಾ ಕುಡಿದು ಹೋದರು. ತಮ್ಮ ಒಂದೂ ಮುಚ್ಚದೆ ಹೇಳಿದ. ಸೊಸೆಯಿಂದ ಆ ದಂಡೆಯ ಉಸ್ತುವಾರಿ ತೆಗೆದರು. ಅವಳೇ ಗುರುತಿಸಿ, ಅವಳೇ ಬೇಲಿ ಹಾಕಿ, ಹಳ್ಳಿಯವರನ್ನು ಒಬ್ಬೊಬ್ಬರನ್ನಾಗಿ ಒಲಿಸಿಕೊಂಡ ದಂಡೆ ಅದು. ಇನ್ನೂ ದಕ್ಷಿಣಕ್ಕೆ, ಬೇರೆ ದಂಡೆಯಲ್ಲಿ, ತನಗಿಂತ ಕಿರಿಯರ ಕೈಕೆಳಗೆ ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ವಿಷಯ ನನಗೆ ಹೇಳಿದ್ದು ಅವಳಲ್ಲ, ಅವಳ ಗೆಳತಿ.

ಬಾವಿಯ ಕಡೆ ಹೋಗುವುದನ್ನೇ ತಮ್ಮ ಬಿಟ್ಟ. ಮಗಳ ಫೋನ್ ಬಂದರೆ ನನ್ನ ಕೈಗೆ ಕೊಟ್ಟು ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದ. ‘ನೀನ ಮಾತಾಡು. ನನ್ನ ದನಿ ಕೇಳಿದ್ರ ಆಕಿಗೆ ಅದ ನೆನಪಾಗ್ತೈತಿ.’ ಆ ಕಡೆಯಿಂದ ಅವಳೂ ‘ಅಪ್ಪ ಊಟ ಮಾಡಿದ್ನೇನು?’ ಅಂತ ನನ್ನನ್ನೇ ಕೇಳುವಳು. ಹೀಗೆ ಇಬ್ಬರ ನಡುವೆ ನಾನು ಒಂದು ಎಕ್ಸ್‌ಚೇಂಜ್ ಆಪರೇಟರ್ ಆಗಿ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದೆ.

ಒಂದು ಮಧ್ಯಾಹ್ನ ಉಂಡು ಕೂತಾಗ ಅವನಾಗಿಯೇ ಕೇಳಿದ.

‘ಅಕ್ಕಾ, ನೀ ಮಕ್ಕಳಿಗೆ ಹೇಳಿದಂಗ ಹೇಳು. ಸಿಹಿನೀರಾಗ ಅದಕ್ಕೇನಾತು?’

ನೆಲದ ಮೇಲೆ ಸೀಮೆಸುಣ್ಣದಿಂದ ಆಮೆಯ ತಲೆ ಬರೆದೆ. ಕಡಲ ನೀರಿನ ಉಪ್ಪು ಅದರ ಮೈಯೊಳಗೆ ಸೇರುತ್ತಲೇ ಇರುತ್ತದೆ. ಅಷ್ಟನ್ನು ಹೊರಹಾಕಲು ಕಣ್ಣಿನ ಹತ್ತಿರ ಒಂದು ಗ್ರಂಥಿ ಇದೆ, ಹೆಚ್ಚಿನ ಉಪ್ಪು ಕಣ್ಣೀರಾಗಿ ಇಳಿಯುತ್ತದೆ. ಉಪ್ಪಿನಲ್ಲಿ ಬದುಕುವುದಕ್ಕೆಂದೇ ಕಟ್ಟಿದ ಮೈ ಅದು, ಸಿಹಿನೀರಿನಲ್ಲಿ ಅದರ ಉಪ್ಪಿನ ಹದ ಕೆಡುತ್ತದೆ, ನಮ್ಮ ಹಳ್ಳದ ಆಮೆಯದು ಬೇರೆ. ಇದಲ್ಲದೆ ಮರಿಯ ಶಕ್ತಿಯೆಲ್ಲ ಆ ಗೋಡೆಗೇ ಖರ್ಚಾಯಿತು. ಮೊದಲೇ ಅದು ಬಳಲಿದ್ದ ಮರಿ, ದಂಡೆಯಲ್ಲಿದ್ದರೂ ಉಳಿಯುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು ಅಂತಲೂ ಸೇರಿಸಿದೆ. ಅದು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವೇ.

ಅವನು ಚಿತ್ರದ ಕಣ್ಣಿನ ಮೇಲೆ ಬೆರಳಿಟ್ಟ.

‘ಹಂಗಾರ ಆ ತಾಯಿ ಅಳಾಕತ್ತಿದ್ದಿಲ್ಲೇನು?’

‘ಇಲ್ಲ. ಅದು ಉಪ್ಪು.’

‘ಮಕ್ಕಳ ಬಿಟ್ಟು ಹೋಗಾಕ ಅದಕ್ಕ ದುಃಖ ಇದ್ದಿಲ್ಲ?’

‘ಅದನ್ನ ಸೈನ್ಸ್ ಹೇಳೂದಿಲ್ಲ ತಮ್ಮಾ. ಐ ಡೋಂಟ್ ನೋ.’

‘ನಾ ಅಳಾಕತ್ತೈತಿ ಅಂತ ತಿಳಕೊಂಡೆ’ ಅಂದ. ಎದ್ದು ಹೋಗಿ ಒದ್ದೆ ಬಟ್ಟೆ ತಂದು ಚಿತ್ರವನ್ನು ತಾನೇ ಒರೆಸಿದ.

ಮತ್ತೆ ಮೊಟ್ಟೆಯಿಡುವ ಕಾಲ ಬಂತು. ಒಂದು ದಿನ ಸೊಸೆ ಫೋನಿನಲ್ಲಿ, ‘ಅತ್ತಿ, ಅಪ್ಪನ ಕಿವಿಗೆ ಹಿಡಿ. ಮಾತಾಡಬ್ಯಾಡ ಅನ್ನು, ಬರೇ ಕೇಳ್ಲಿ’ ಎಂದಳು. ಹಿಡಿದೆ. ನನಗೂ ಕೇಳುತ್ತಿತ್ತು.

‘ಅಪ್ಪಾ, ಈ ಸಲ ಗೂಡು ಭಾಳ ಅದಾವ. ನಾಯಿ ಕಾಟನೂ ಭಾಳ. ಬರ್ತಿಯೇನು?’

‘ನಾ ಬಂದ್ರ ನಿನಗ ಮತ್ತ ತ್ರಾಸಲ್ಲೇನವ್ವಾ?’

‘ಬಾ.’

ಹೋದ. ನನ್ನ ಮೊಣಕಾಲಿಗೆ ಘಟ್ಟದ ಬಸ್ಸು ಆಗುವುದಿಲ್ಲವೆಂದು ನಾನು ಉಳಿದೆ. ಅಲ್ಲಿ ಏನು ನಡೆಯಿತೆಂದು ಸೊಸೆ ಆಮೇಲೆ ಹೇಳಿದಳು. ದಿನಾ ಬೆಳಿಗ್ಗೆ ಅವಳ ಜೊತೆ ಹೋಗುತ್ತಿದ್ದನಂತೆ, ಆದರೆ ಮರಳಿಗೆ ಕಾಲಿಡುತ್ತಿರಲಿಲ್ಲವಂತೆ. ‘ನೀ ಕೆಲಸ ಮಾಡು, ನಾ ಇಲ್ಲಿಂದ ನೋಡ್ತೀನಿ’ ಅಂತ ಡಾಂಬರು ರಸ್ತೆಯ ಅಂಚಿಗೆ ನಿಂತು, ಕೋಲು ಹಿಡಿದು, ಬಂದ ನಾಯಿಗಳನ್ನೆಲ್ಲ ಅಟ್ಟುತ್ತಿದ್ದನಂತೆ. ಬಾರಪ್ಪಾ ಅಂತ ಅವಳು ಎಷ್ಟು ಕರೆದರೂ ಇಳಿಯಲಿಲ್ಲ. ವಾರ ತುಂಬುವುದರೊಳಗೆ ಒಂದು ಬೆಳಿಗ್ಗೆ ಅವಳ ಬಾಡಿಗೆ ಮನೆಯ ಜಗಲಿಯಲ್ಲಿ, ಕೋಲು ಗೋಡೆಗೆ ಒರಗಿಸಿ, ಕೂತಲ್ಲೇ ಹೋಗಿಬಿಟ್ಟ. ಅವನು ಕಾಯುತ್ತಿದ್ದ ಗೂಡು ಒಡೆಯಲು ಇನ್ನೂ ದಿನಗಳಿದ್ದವು. ಅವಳು ಅವನನ್ನು ಊರಿಗೆ ತಂದಳು. ಆ ದಿನದ ಮುಖವನ್ನು ನಾನು ನೋಡಿದ್ದು ಅಂತ ಲೆಕ್ಕ ಹಿಡಿಯುವುದಿಲ್ಲ.

ನಾನು ಅವನನ್ನು ಕಡೆಯ ಸಲ ನೋಡಿದ್ದು ಕೊಪ್ಪಳದ ಸ್ಟೇಷನ್ನಿನಲ್ಲಿ. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಗಳ ಮದುವೆಗೆ ಹೊರಟವನ ಹಾಗೆ ಕಾಣುತ್ತೀ ಅಂತ ನಾನು ಛೇಡಿಸಿದೆ. ‘ಸುಮ್ಮನಿರಕ್ಕಾ, ಡ್ಯೂಟಿ ಮ್ಯಾಲ ಹೊಂಟೀನಿ’ ಅಂದ. ರೈಲು ಬಂತು, ಜನ ನೂಕಿದರು, ಅವನು ಒಳಗೆ ಹೋದ. ಕಿಟಕಿಯಿಂದ ಕಿಟಕಿಗೆ ನಾನು ಕುಂಟುತ್ತ ಹುಡುಕಿದೆ. ಕೊನೆಗೆ ಕಂಡ. ಪ್ಲಾಟ್‌ಫಾರ್ಮಿಲ್ಲದ ಆಚೆ ಮಗ್ಗುಲಿನ ಕಿಟಕಿಗೆ ಮುಖ ಹಚ್ಚಿ, ಬರೀ ಹಳಿಗಳಿದ್ದ ಕಡೆ, ನನ್ನನ್ನು ಹುಡುಕುತ್ತಿದ್ದ. ‘ತಮ್ಮಾ, ಈ ಕಡೆ! ಈ ಕಡೆ ನೋಡೋ!’ ಅಂತ ಕೂಗಿದೆ. ರೈಲು ಹೊರಟಿತು. ನನಗೆ ಕಂಡದ್ದು ಅವನ ಹಿಂದಲೆ ಮತ್ತು ಯಾರೂ ಇಲ್ಲದ ಆ ಕಡೆಗೆ ಅವನು ಬೀಸುತ್ತಿದ್ದ ಕೈ.